ಒಂದೇ ಕೋಣೆ, ಒಂದೇ ಮಷೀನು: ಹಳೆ ಶಾಪ್‌ಸ್ಮಿತ್ ತಗೊಳ್ಳೋದಾ, ದೇಸಿ ಕಾಂಬಿನೇಷನ್ ರಂಧಾ ಮಷೀನಾ?

ಧಾಯರಿ_ದೇವದಾರು (ಪುಣೆ):

ಎಲ್ಲಾರಿಗೂ ನಮಸ್ಕಾರ ರೀ. ಧಾಯರಿಯಲ್ಲಿ ನೆಲಮಹಡಿಯ ಒಂದು ಕೋಣೆ ಮರಗೆಲಸಕ್ಕೆ ಸಿಕ್ಕಿದೆ. ಒಳಅಳತೆ 10 ಅಡಿ × 17 ಅಡಿ, ಗಿಡ್ಡ ಗೋಡೆಯಲ್ಲಿ 3 ಅಡಿ ಬಾಗಿಲು. ಸಿಂಗಲ್ ಫೇಸ್ ಕರೆಂಟು, ಮೀಟರಿನಿಂದ ಕೋಣೆಗೆ ಸುಮಾರು 20 ಮೀಟರ್ ವೈರು ಎಳೆಯಬೇಕು. ಮಾಡಬೇಕಾದ್ದು ಮನೆಗೆ ಬೇಕಾದ ಸಾಮಾನು: ಓದುವ ಮೇಜು, ಚೌರಂಗ, ಪುಸ್ತಕದ ಕಪಾಟು, ದೇವರ ಮಂಟಪ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಿಂದ ತೇಗದ ಹಲಗೆಯನ್ನು ರಂಧಾ (ಮರದ ಮೈ ಕೆತ್ತಿ ಸಮ ಮಾಡುವ ಕೀಸುಳಿ) ಹೊಡೆಸದೆ ಹಾಗೇ ತಂದು ಇಲ್ಲೇ ಸೈಜಿಗೆ ತರುವ ವಿಚಾರ.

ಎರಡು ಮಷೀನು ಕಣ್ಣ ಮುಂದಿವೆ. ಒಂದು, ಅಮೆರಿಕದಿಂದ ವಾಪಸ್ ಬಂದ ಒಂದು ಮನೆಯವರು ಮಾರುತ್ತಿರುವ ಶಾಪ್‌ಸ್ಮಿತ್ ಮಾರ್ಕ್ 5 ಎಂಬ ಅಮೆರಿಕದ ಬಹುಕೆಲಸದ ಮಷೀನು. ಜೊತೆಗೆ ಅದಕ್ಕೇ ಸಿಕ್ಕಿಸುವ 4 ಇಂಚಿನ ಜಾಯಿಂಟರ್ (ಹಲಗೆಯ ಅಂಚು ನೇರ ಮಾಡುವ ಸಣ್ಣ ರಂಧಾ) ಇದೆ. ಮೋಟರು 115 ವೋಲ್ಟ್, 60 ಹರ್ಟ್ಸ್. ಇನ್ನೊಂದು ನಮ್ಮ ಕಡೆಯ ಕಾಂಬಿನೇಷನ್ ಮಷೀನು: ಮೇಲೆ 12 ಇಂಚಿನ ರಂಧಾ, ಕೆಳಗೆ ಥಿಕ್‌ನೆಸರ್ (ಹಲಗೆಯನ್ನು ಒಂದೇ ದಪ್ಪಕ್ಕೆ ತರುವುದು), ಒಂದು ಮಗ್ಗುಲಿಗೆ ಗರಗಸ, ಇನ್ನೊಂದು ಮಗ್ಗುಲಿಗೆ ಡ್ರಿಲ್ ಚಕ್. 3 ಎಚ್‌ಪಿ ಮೋಟರು.

ಇಂಥ ಮಷೀನು ಇಟ್ಟವರು ಅದನ್ನು ಬಿಟ್ಟುಕೊಡೋದೇ ಇಲ್ಲ ಅನ್ನೋದು ಎಲ್ಲ ಕಡೆ ಕೇಳಿ ಬರತದ. ಅದು ಬರೀ ಪ್ರೀತಿಯೋ, ಕೆಲಸಕ್ಕೂ ನಿಜವಾಗಿ ಅನುಕೂಲವೋ? ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಾಯಿಸುವ ತಾಪತ್ರಯ ಎಷ್ಟು? ಕರೆಂಟಿನ ವಿಷಯ ಹೆಂಗ? ತಿಳಿದವರು ಬಿಡಿಸಿ ಹೇಳಬೇಕು.

ಗೂಟಕೀಲು (ಡೊಂಬಿವಲಿ):

ಪ್ರೀತಿ ಹೌದು ಸರ್, ಆದರೆ ಆ ಪ್ರೀತಿಗೆ ಕಾರಣ ಇದೆ, ಅದು ಮಷೀನಿನ ರಚನೆಯಲ್ಲೇ ಇದೆ.

ಹಾನ್ಸ್ ಗೋಲ್ಡ್‌ಶ್ಮಿಟ್ ಅನ್ನುವವರು ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಇದನ್ನು ರೂಪಿಸಿದರು. 10ಇ, 10ಇಆರ್ ಎಂಬ ಮೊದಲ ಮಾದರಿಗಳು 1947ರ ಸುತ್ತ ಮಾರುಕಟ್ಟೆಗೆ ಬಂದವು, ನೀವು ಹೇಳುವ ಮಾರ್ಕ್ 5 ಬಂದದ್ದು 1953–54ರ ಸುತ್ತ. ಅರವತ್ತರ ದಶಕದಲ್ಲಿ ತಯಾರಿಕೆ ನಿಂತು, 1972ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಮತ್ತೆ ಶುರುವಾಯಿತು. ಮೂಲ ವಿನ್ಯಾಸ ಬದಲಾಗಲಿಲ್ಲ: ಎರಡು ಉದ್ದ ಉಕ್ಕಿನ ಕೊಳವೆ, ಅವುಗಳ ಮೇಲೆ ಜಾರುವ ಹೆಡ್‌ಸ್ಟಾಕ್ (ಮೋಟರು ಮತ್ತು ತಿರುಗುವ ದಂಡ, ಅಂದರೆ ಸ್ಪಿಂಡಲ್, ಇರುವ ಪೆಟ್ಟಿಗೆ), ಅದರ ಪಕ್ಕ ಜಾರುವ ಟೇಬಲ್. ಐದು ಕೆಲಸಕ್ಕೂ ಒಂದೇ ಸ್ಪಿಂಡಲ್: ಗರಗಸ, ಲೇತ್, 12 ಇಂಚಿನ ಸ್ಯಾಂಡಿಂಗ್ ಡಿಸ್ಕ್, ಅಡ್ಡ ಡ್ರಿಲ್, ನಿಂತ ಡ್ರಿಲ್. ಕೊಳವೆಗಳನ್ನು ಒಂದು ಕಡೆಯಿಂದ ಎತ್ತಿ ನೆಟ್ಟಗೆ ನಿಲ್ಲಿಸಿದರೆ ಡ್ರಿಲ್ ಪ್ರೆಸ್ ತಯಾರು. ಐವತ್ತರ ದಶಕದ ಮಷೀನಿಗೆ ಎಂಬತ್ತರ ದಶಕದ ಬಿಡಿಭಾಗ ಕೂರುತ್ತದೆ. ಜನ ಕೈಬಿಡದಿರಲು ಇದು ಮೊದಲ ಕಾರಣ.

ಎರಡನೆಯದು ಕ್ವಿಲ್. ಸ್ಪಿಂಡಲ್ಲೇ 4¼ ಇಂಚು ಮುಂದೆ ಹಿಂದೆ ಸರಿಯುತ್ತದೆ. ಬೇರೆ ಟೇಬಲ್ ಸಾದಲ್ಲಿ ಬ್ಲೇಡು ನಿಂತಲ್ಲೇ ನಿಂತಿರುತ್ತದೆ, ಫೆನ್ಸನ್ನೇ (ಹಲಗೆ ಆನಿಸುವ ಅಡ್ಡಪಟ್ಟಿ) ತಟ್ಟಿ ತಟ್ಟಿ ಸರಿಸಬೇಕು. ಇಲ್ಲಿ ಫೆನ್ಸ್ ಬಿಗಿದಿಟ್ಟು ಬ್ಲೇಡನ್ನೇ ಕೂದಲೆಳೆಯಷ್ಟು ಸರಿಸಿ ಲಾಕ್ ಮಾಡಬಹುದು. ಗಾಡಿ (ಮರದಲ್ಲಿ ಕೊರೆದ ತೋಡು) ಅಗಲಿಸಲು ಇದು ಬಹಳ ಸೊಗಸು. ಡಿಸ್ಕಿನಲ್ಲೂ ಹಾಗೇ: ತುಂಡನ್ನು ಟೇಬಲ್ಲಿಗೆ ಕ್ಲ್ಯಾಂಪ್ ಮಾಡಿ, ತಿರುಗುವ ಡಿಸ್ಕನ್ನು ಕ್ವಿಲ್‌ನಿಂದ ಮುಂದಕ್ಕೆ ತಂದರೆ ತುಂಡಿನ ತುದಿ 0.1–0.2 ಮಿ.ಮೀ. ಲೆಕ್ಕದಲ್ಲಿ ಸವೆಯುತ್ತದೆ. ಚೌಕಟ್ಟಿನ 45 ಡಿಗ್ರಿ ಮೂಲೆ ಬೆಳಕು ತೂರದ ಹಾಗೆ ಕೂಡಿಸಲು ಇದಕ್ಕಿಂತ ಸುಲಭದ ಉಪಾಯ ಸಣ್ಣ ಕೋಣೆಯಲ್ಲಿ ಇನ್ನೊಂದಿಲ್ಲ.

ಕೊರತೆಗಳೂ ಸ್ಪಷ್ಟ. ಬ್ಲೇಡು ವಾಲುವುದಿಲ್ಲ, ಟೇಬಲ್ ವಾಲುತ್ತದೆ. ಹಾಗಾಗಿ ಉದ್ದ ಹಲಗೆಯ ಅಂಚನ್ನು ಓರೆಯಾಗಿ ಸೀಳುವಾಗ ಹಲಗೆಯ ಭಾರವೆಲ್ಲ ಒಂದೇ ಕಡೆ ಜಾರುತ್ತದೆ. ಟೇಬಲ್ ಚಿಕ್ಕದು, 8 × 4ರ ಪ್ಲೈವುಡ್ ಶೀಟು ಇದರ ಮೇಲೆ ಹಾಕಬೇಡಿ. ಮೋಟರು 1⅛ ಎಚ್‌ಪಿ ಮಾತ್ರ: 2 ಇಂಚಿನ ತೇಗ ಸೀಳುವಾಗ ಸೀಳುಗರಗಸವೇ ಬೇಕು, ಅಂದರೆ 24 ಹಲ್ಲಿನ ತೆಳು ಬ್ಲೇಡು. 60 ಹಲ್ಲಿನದು ಹಾಕಿದರೆ ಮರ ಸುಡುತ್ತದೆ, ಬೆಲ್ಟು ಜಾರುತ್ತದೆ.

ವೇಗ ಬದಲಾಯಿಸುವ ಡಯಲ್ ಬಗ್ಗೆ ಒಂದು ನಿಯಮ, ಇದನ್ನು ಗೋಡೆಯ ಮೇಲೆ ಬರೆದಿಡಿ. ಮೋಟರು ತಿರುಗುತ್ತಿರುವಾಗ ಮಾತ್ರ ಡಯಲ್ ತಿರುಗಿಸಬೇಕು. ಒಳಗೆ ಎರಡು ಶಂಕುವಿನಾಕಾರದ ಪುಲ್ಲಿಗಳ ನಡುವೆ ಬೆಲ್ಟು ಏರಿಳಿದು 700ರಿಂದ 5200 ಆರ್‌ಪಿಎಂ ಕೊಡುತ್ತದೆ. ನಿಂತ ಬೆಲ್ಟಿನ ಮೇಲೆ ಡಯಲ್ ಒತ್ತಿದರೆ ನಿಯಂತ್ರಣದ ಭಾಗ ಮುರಿಯುತ್ತದೆ. ಕೆಲಸ ಮುಗಿದ ಮೇಲೆ ನಿಧಾನದ ವೇಗಕ್ಕೆ ತಂದು ಆಮೇಲೆ ಆಫ್ ಮಾಡಿ. ಯಾಕೆಂದರೆ ಮುಂದಿನ ಸಲ ದೊಡ್ಡ ಬಟ್ಟಲಿನ ಮರ ಲೇತಿಗೆ ಕಟ್ಟಿ ಸ್ವಿಚ್ ಒತ್ತಿದಾಗ ಅದು 5200ರಲ್ಲಿ ಏಳಬಾರದು.

ಬ್ಲೇಡಿನ ತೂತು ನೋಡಿಕೊಳ್ಳಿ. ಶಾಪ್‌ಸ್ಮಿತ್‌ನ ಸ್ವಂತ ಬ್ಲೇಡಿನ ತೂತು 1¼ ಇಂಚು, ಅಂದರೆ 31.75 ಮಿ.ಮೀ. ಮುಂಬೈಯ ನಾಗದೇವಿ ಬೀದಿಯಲ್ಲಿ ಸಿಗುವ 10 ಇಂಚಿನ ಬ್ಲೇಡು 25.4 ಅಥವಾ 30 ಮಿ.ಮೀ., ಅದು ಆ ಆರ್ಬರ್‌ಗೆ (ಬ್ಲೇಡು ಕೂರುವ ದಂಡ) ಹೋಗುವುದಿಲ್ಲ. ⅝ ಇಂಚಿನ ಆರ್ಬರ್ ಬೇರೆಯೇ ಬರುತ್ತದೆ. ಅದಿದ್ದರೆ 25.4ರಿಂದ 15.88ಕ್ಕೆ ಇಳಿಸುವ ರಿಂಗ್ ಹಾಕಿ ಇಲ್ಲಿಯ ಬ್ಲೇಡೇ ಬಳಸಬಹುದು. ಮಾರುವವರ ಹತ್ತಿರ ಯಾವ ಆರ್ಬರ್ ಇದೆ ಎಂದು ಮೊದಲು ಕೇಳಿ.

ತ್ರೀಫೇಸ್ (ಠಾಣೆ):

ಕರೆಂಟಿನ ಮಾತು ನಾನು ಹೇಳುತ್ತೇನೆ.

ಶಾಪ್‌ಸ್ಮಿತ್ ಮೊದಲು. 230ರಿಂದ 110 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ತಂದರೆ ಆಯಿತು ಎಂದು ಬಹಳ ಜನ ತಿಳಿದಿದ್ದಾರೆ. ಅರ್ಧ ಮಾತ್ರ ಸರಿ. ವೋಲ್ಟು ಇಳಿಯಿತು, ಆದರೆ ಆವರ್ತನ 50 ಹರ್ಟ್ಸ್‌ನಲ್ಲೇ ಉಳಿಯಿತು. ಇಂಡಕ್ಷನ್ ಮೋಟರಿನ ಕಬ್ಬಿಣದೊಳಗೆ ಕಾಂತತೆ ಎಷ್ಟು ತುಂಬುತ್ತದೆ ಎಂಬುದು ವೋಲ್ಟನ್ನು ಹರ್ಟ್ಸ್‌ನಿಂದ ಭಾಗಿಸಿದ ಸಂಖ್ಯೆಯ ಮೇಲೆ ನಿಂತಿದೆ. 115 ಭಾಗಿಸು 60 ಅಂದರೆ 1.92. ಅದೇ ಸಂಖ್ಯೆ 50 ಹರ್ಟ್ಸ್‌ನಲ್ಲಿ ಬರಬೇಕಾದರೆ 96 ವೋಲ್ಟ್ ಸಾಕು. 110 ಕೊಟ್ಟರೆ ಶೇ. 15ರಷ್ಟು ಹೆಚ್ಚು, ಭಾರ ಇಲ್ಲದೆಯೂ ಮೋಟರು ಬಿಸಿಯಾಗುತ್ತದೆ. ಆದ್ದರಿಂದ ಜಪಾನಿನ ಉಪಕರಣಕ್ಕೆಂದು ಸಿಗುವ 100 ವೋಲ್ಟಿನ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ, ಇಲ್ಲವೇ 95–100 ವೋಲ್ಟಿಗೆ ಸುತ್ತಿಸಿ. 3 ಕೆವಿಎಗಿಂತ ಕಡಿಮೆ ಬೇಡ: ಓಡುವಾಗ 13–14 ಆಂಪ್ ಎಳೆಯುವ ಮೋಟರು ಏಳುವ ಕ್ಷಣದಲ್ಲಿ ಅದರ ಐದಾರು ಪಟ್ಟು ಕೇಳುತ್ತದೆ. ಅರ್ತ್ ತಂತಿ ಟ್ರಾನ್ಸ್‌ಫಾರ್ಮರಿನಲ್ಲಿ ತುಂಡಾಗದೆ ಮಷೀನಿನ ಮೈವರೆಗೆ ಹೋಗಬೇಕು.

ವೇಗವೂ ಆರನೇ ಒಂದು ಭಾಗ ಇಳಿಯುತ್ತದೆ. 700 ಇದ್ದದ್ದು 580ರ ಸುತ್ತ, 5200 ಇದ್ದದ್ದು 4300ರ ಸುತ್ತ. ಲೇತ್ ಕೆಲಸಕ್ಕೆ ಇದು ಒಳ್ಳೆಯದೇ, ಅತಿ ಕೆಳಗಿನ ವೇಗವೇ ಅಲ್ಲಿ ಜಾಸ್ತಿ ಎಂಬ ದೂರು ಹಳೆಯದು. ಆದರೆ ಡಯಲ್ ಮೇಲಿನ ಗುರುತು ಇನ್ನು ನಂಬುವಂತಿಲ್ಲ, ಟ್ಯಾಕೋಮೀಟರ್ ಹಿಡಿದು ಹೊಸ ಗುರುತು ಹಾಕಿ. ಇನ್ನೊಂದು, ವಿಎಫ್‌ಡಿ (ಆವರ್ತನ ಬದಲಿಸುವ ಡ್ರೈವ್) ಹಾಕಿ 60 ಹರ್ಟ್ಸ್ ಮಾಡುತ್ತೇನೆ ಅಂತ ಹೊರಡಬೇಡಿ. ಕೆಪಾಸಿಟರಿನಿಂದ ಏಳುವ ಸಿಂಗಲ್ ಫೇಸ್ ಮೋಟರಿಗೆ ವಿಎಫ್‌ಡಿ ಆಗಿಬರುವುದಿಲ್ಲ, ಕೆಪಾಸಿಟರ್ ಹೋಗುತ್ತದೆ ಅಥವಾ ಡ್ರೈವೇ ಹೋಗುತ್ತದೆ.

ದೇಸಿ ಮಷೀನಿನ 3 ಎಚ್‌ಪಿ ಸಿಂಗಲ್ ಫೇಸ್ ಮೋಟರು ಪೂರ್ಣ ಭಾರದಲ್ಲಿ 14–17 ಆಂಪ್, ಏಳುವಾಗ 80–90 ಆಂಪ್. 20 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ವೈರು ಎಳೆದರೆ ಏಳುವಾಗ 40 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಮೋಟರು ಹೂಂಕರಿಸುತ್ತದೆ, ಏಳುವುದಿಲ್ಲ. ಜನ ಕೆಪಾಸಿಟರ್ ಹೋಯಿತೆಂದು ಅದನ್ನು ಬದಲಾಯಿಸುತ್ತಾ ಕೂರುತ್ತಾರೆ. 4 ಚದರ ಮಿ.ಮೀ. ತಾಮ್ರ ಎಳೆಯಿರಿ, ನಷ್ಟ 16 ವೋಲ್ಟಿಗೆ ಇಳಿಯುತ್ತದೆ. ಎಂಸಿಬಿ 25 ಆಂಪ್ ಸಿ ಕರ್ವ್ (ಏಳುವ ಕ್ಷಣದ ಹೆಚ್ಚಿನ ಕರೆಂಟು ತಡೆದುಕೊಳ್ಳುವ ಬಗೆ). ಮನೆಯಲ್ಲಿ ಸಾಮಾನ್ಯವಾಗಿ ಇರುವ 16 ಆಂಪ್ ಬಿ ಕರ್ವ್, 48ರಿಂದ 80 ಆಂಪ್‌ಗೇ ಬೀಳುತ್ತದೆ, ಅಂದರೆ ಪ್ರತಿ ಸಲ ಸ್ವಿಚ್ ಹಾಕಿದಾಗ. ಅದರ ಜೊತೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್) ಇರಲಿ. 16 ಆಂಪ್ ಸಾಕೆಟ್ಟಿಗೆ ಪ್ಲಗ್ ಸಿಕ್ಕಿಸುವ ಪದ್ಧತಿ ಬೇಡ, ನೇರ ಸ್ಟಾರ್ಟರ್‌ಗೆ ಕೊಡಿ.

ಸ್ಟಾರ್ಟರ್ ನೋ-ವೋಲ್ಟ್ ಕಾಯಿಲ್ ಇರುವುದೇ ಆಗಬೇಕು, ಯಾವ ಮಷೀನು ತಗೊಂಡರೂ. ಕರೆಂಟು ಹೋಗಿ, ನೀವು ಬ್ಲೇಡಿನ ಹತ್ತಿರ ಸಿಕ್ಕಿಕೊಂಡ ತುಂಡು ಬಿಡಿಸುತ್ತಿರುವಾಗ ಕರೆಂಟು ಬಂದರೆ ಮಷೀನು ತಾನಾಗಿ ಏಳಕೂಡದು.

ಹಲಸಿನ_ಹಲಗೆ (ಮಡಗಾಂವ್):

ಶಾಪ್‌ಸ್ಮಿತ್ ಪರವಾಗಿ ಗೂಟಕೀಲು ಅವರು ಚೆಂದ ಹೇಳಿದ್ದಾರೆ. ದೇಸಿ ಮಷೀನಿನ ಪರ ನಾನು ನಿಲ್ಲುತ್ತೇನೆ ಮಾರಾಯ್ರೆ. ರಂಧಾ ಹೊಡೆಸದ ಹಲಗೆ ತರುತ್ತೇನೆ ಎಂದಿರಲ್ಲ, ಅಲ್ಲಿಗೇ ತೀರ್ಮಾನ ಅರ್ಧ ಆಯಿತು. 4 ಇಂಚಿನ ಜಾಯಿಂಟರ್ ಹಲಗೆಯ ಅಂಚಿಗೆ ಸಾಕು, ಮುಖಕ್ಕೆ ಸಾಲದು. 8 ಇಂಚಿನ ಹಲಗೆಯ ತಿರುಚು ತೆಗೆದು, ಎರಡು ಮುಖ ಸಮಾನಾಂತರ ಮಾಡಲು ಅಗಲದ ರಂಧಾ ಮತ್ತು ಥಿಕ್‌ನೆಸರ್ ಬೇಕೇ ಬೇಕು.

ಆದರೆ ಈ ಮಷೀನು ಕಾರ್ಖಾನೆಯಿಂದ ಬಂದ ದಿನವೇ ಕೆಲಸಕ್ಕೆ ಸಿದ್ಧ ಇರುವುದಿಲ್ಲ. ಮೊದಲು ಪುಲ್ಲಿ. 2880 ಆರ್‌ಪಿಎಂ ಮೋಟರಿನ ಮೇಲೆ 150 ಮಿ.ಮೀ., ಕಟರ್ ಬ್ಲಾಕಿನ (ರಂಧಾದ ಬ್ಲೇಡು ಕೂರುವ ಉರುಳೆ) ಮೇಲೆ 90 ಮಿ.ಮೀ. ಇದ್ದರೆ ಬ್ಲಾಕ್ 4800ರಲ್ಲಿ ತಿರುಗುತ್ತದೆ. ಎರಡು ಬ್ಲೇಡು ಸೇರಿ ನಿಮಿಷಕ್ಕೆ 9600 ಕಡಿತ. ನೀವು ನಿಮಿಷಕ್ಕೆ 5 ಮೀಟರ್ ತಳ್ಳಿದರೆ ಒಂದೊಂದು ಕಡಿತ ಅರ್ಧ ಮಿ.ಮೀ. ದೂರ, ಮೈ ನುಣುಪು. ಅವಸರ ಮಾಡಿದರೆ ಅಲೆ ಅಲೆ ಬೀಳುತ್ತದೆ, ಆ ದೋಷ ಬ್ಲೇಡಿನದಲ್ಲ.

ಬಹುತೇಕ ಅಗ್ಗದ ಮಾದರಿಯಲ್ಲಿ ಗರಗಸ, ರಂಧಾ, ಡ್ರಿಲ್ ಚಕ್ ಮೂರೂ ಒಂದೇ ಶಾಫ್ಟಿನ ಮೇಲೆ. ಒಂದು ತಿರುಗಿದರೆ ಎಲ್ಲ ತಿರುಗುತ್ತದೆ. ಸೀಳುತ್ತಿರುವಾಗ ಮಗ್ಗುಲಲ್ಲಿ ರಂಧಾದ ಬ್ಲೇಡು ಬಾಯಿ ತೆರೆದು ತಿರುಗುತ್ತಿರುತ್ತದೆ. ಸೀಳುವಾಗ ರಂಧಾದ ಬಾಯಿಗೆ ಮರದ ಮುಚ್ಚಳ ಬಿಗಿಯಿರಿ, ರಂಧಾ ಹೊಡೆಯುವಾಗ ಗರಗಸದ ಬ್ಲೇಡು ಕಳಚಿಡಿ, ಯಾವಾಗಲೂ ಚಕ್ಕಿನಿಂದ ಬಿಟ್ ತೆಗೆದಿಡಿ. ಎರಡು ನಿಮಿಷದ ಕೆಲಸ, ಬೇಜಾರು ಮಾಡಿಕೊಳ್ಳಬೇಡಿ. ಗರಗಸಕ್ಕೂ ಅದೇ 4800 ಸಿಗುವುದರಿಂದ ಬ್ಲೇಡಿನ ಮೇಲೆ ಅಚ್ಚಾದ ಗರಿಷ್ಠ ಆರ್‌ಪಿಎಂ ಓದಿ. 12 ಇಂಚಿನ ಬ್ಲೇಡಿನ ಅಂಚು ಆ ವೇಗದಲ್ಲಿ ಸೆಕೆಂಡಿಗೆ 77 ಮೀಟರ್ ಓಡುತ್ತದೆ, 10 ಇಂಚಿನದು 64. ನಾನಾದರೆ 10 ಇಂಚಿಗೇ ನಿಲ್ಲುತ್ತೇನೆ. ಚಕ್ಕಿನಲ್ಲಿ ಸಾಮಾನ್ಯ ಡ್ರಿಲ್ ಬಿಟ್ ಅಥವಾ 25 ಮಿ.ಮೀ. ಫಾರ್ಸ್ಟ್‌ನರ್ (ಅಗಲ ತೂತಿನ ಬಿಟ್) ಹಾಕುವ ಮಾತೇ ಇಲ್ಲ, ಆ ವೇಗದಲ್ಲಿ ಅದು ಸುಟ್ಟು ಬಾಗುತ್ತದೆ. ಉದ್ದ ಗಾಡಿ ಕೊರೆಯುವ ಸ್ಲಾಟ್ ಬಿಟ್, 12 ಮಿ.ಮೀ. ಒಳಗಿನದು, ಮರವನ್ನು ಕ್ಲ್ಯಾಂಪ್ ಮಾಡಿ ಮಾತ್ರ.

ಈಗ ಟೇಬಲ್ ಎತ್ತರ. ಹಿಂದಿನ ಟೇಬಲ್ (ಮರ ಹೊರಬರುವ ಕಡೆಯದು) ಬ್ಲೇಡಿನ ತುದಿ ಮೇಲೆ ಬಂದಾಗಿನ ಎತ್ತರಕ್ಕೆ ಸರಿಸಮ ಇರಬೇಕು. ಪರೀಕ್ಷೆ ಹೀಗೆ. ಕರೆಂಟು ತೆಗೆದು, ಒಂದು ಅಡಿ ಉದ್ದದ ನೇರ ಮರದ ಪಟ್ಟಿಯನ್ನು ಹಿಂದಿನ ಟೇಬಲ್ ಮೇಲಿಟ್ಟು ಬ್ಲಾಕಿನ ಮೇಲಕ್ಕೆ ಚಾಚಿಸಿ. ಟೇಬಲ್ಲಿನ ಅಂಚು ಪಟ್ಟಿಗೆ ತಾಗುವಲ್ಲಿ ಪೆನ್ಸಿಲ್ ಗೆರೆ ಎಳೆದು ಬ್ಲಾಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಬ್ಲೇಡು ಪಟ್ಟಿಯನ್ನು 2–3 ಮಿ.ಮೀ. ಒಯ್ದು ಬಿಡಬೇಕು. ಬ್ಲೇಡಿನ ಎರಡೂ ತುದಿಯಲ್ಲಿ, ನಡುವೆ, ಆಮೇಲೆ ಎರಡನೇ ಬ್ಲೇಡಿನಲ್ಲೂ ಅಷ್ಟೇ ದೂರ ಒಯ್ಯಬೇಕು. ಹಿಂದಿನ ಟೇಬಲ್ ತಗ್ಗಿದ್ದರೆ ಹಲಗೆಯ ಬಾಲದಲ್ಲಿ ಒಂದೂವರೆ ಎರಡು ಇಂಚು ಉದ್ದದ ಗಾಯ ಬೀಳುತ್ತದೆ. ಎತ್ತರ ಇದ್ದರೆ ಹಲಗೆ ಟೇಬಲ್ಲಿನ ತುಟಿಗೆ ಬಂದು ಬಡಿಯುತ್ತದೆ, ಬಡಿಯದೆ ಹತ್ತಿದರೂ ಮುಂದೆ ಹೆಚ್ಚು, ಹಿಂದೆ ಕಡಿಮೆ ಕೆತ್ತಿ ಹಲಗೆ ಬೆಣೆಯಾಗುತ್ತದೆ.

ಬ್ಲೇಡು ಬಿಗಿಯುವ ಬೋಲ್ಟುಗಳನ್ನು ಮೊದಲು ಎಲ್ಲವನ್ನೂ ಹಗುರಾಗಿ, ಆಮೇಲೆ ನಡುವಿನಿಂದ ಹೊರಕ್ಕೆ ಪೂರ್ತಿ. ಬಿಗಿದ ಮೇಲೆ ಎತ್ತರ ಇನ್ನೊಮ್ಮೆ ನೋಡಿ, ಬಿಗಿಯುವಾಗ ಬ್ಲೇಡು ಮೇಲೇಳುವುದುಂಟು. ಒಂದು ಬೋಲ್ಟು ಸಡಿಲ ಉಳಿದರೆ ಬ್ಲೇಡು ಹಾರಿ ಬರುತ್ತದೆ, ಅದರ ಮುಂದೆ ಯಾವ ಮರದ ಮುಚ್ಚಳವೂ ನಿಲ್ಲದು. ಎರಡೂ ಬ್ಲೇಡು ತೂಕದಲ್ಲಿ ಸಮ ಇರಲಿ. ಸಾಣೆ ಹಿಡಿಸಿದಾಗ ಜೋಡಿಯಾಗಿಯೇ ಹಿಡಿಸಿ, ತಕ್ಕಡಿಯಲ್ಲಿಟ್ಟು ನೋಡಿ.

ರೈವಿಂಗ್ ನೈಫ್ (ಬ್ಲೇಡಿನ ಹಿಂದೆ ನಿಲ್ಲುವ ತಗಡು) ಈ ಮಷೀನುಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಮಾಡಿಸಿ. ಬ್ಲೇಡಿನ ಹಲ್ಲಿನ ಅಗಲ 3.2, ತಟ್ಟೆಯ ದಪ್ಪ 2.2 ಇದ್ದರೆ 2.5 ಮಿ.ಮೀ. ಉಕ್ಕಿನ ತಗಡು, ಹಲ್ಲಿನಿಂದ 3–8 ಮಿ.ಮೀ. ದೂರ, ಬ್ಲೇಡಿನ ನೆತ್ತಿಗಿಂತ ತುಸು ಕೆಳಗೆ. ಒಳಗೆ ಬಿಗಿ ಇರುವ ತೇಗ ಸೀಳುತ್ತಿದ್ದಂತೆ ಬಾಯಿ ಮುಚ್ಚಿಕೊಂಡು ಬ್ಲೇಡಿನ ಹಿಂಭಾಗವನ್ನು ಹಿಡಿಯುತ್ತದೆ, ಆಗಲೇ ಹಲಗೆ ನಿಮ್ಮ ಹೊಟ್ಟೆಯ ಕಡೆ ಎಗರುವುದು. ಈ ತಗಡು ಆ ಬಾಯಿ ಮುಚ್ಚಲು ಬಿಡುವುದಿಲ್ಲ.

ಧಾಯರಿ_ದೇವದಾರು (ಪುಣೆ):

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ ರೀ, ಉಪಕಾರ ಆತು. ಒಂದು ಉಳೀತು. ಕೆಲಸದಿಂದ ಕೆಲಸಕ್ಕೆ ಬದಲಾಯಿಸುವಾಗ ಇಟ್ಟ ಅಳತೆ ಕಳೆದುಹೋಗತದಲ್ಲ, ಅದಕ್ಕೇನು ಮಾಡತೀರಿ? 720 ಮಿ.ಮೀ. ಕಾಲಿನ ಒಂದು ಓದುವ ಮೇಜನ್ನೇ ಉದಾಹರಣೆ ಇಟ್ಟು ಹೇಳಿದರೆ ತಿಳೀತದ. ಮತ್ತ ಕೋಣೆಯಲ್ಲಿ ಇಡೋದು ಹೆಂಗ?

ಗೂಟಕೀಲು (ಡೊಂಬಿವಲಿ):

ಸರಿಯಾದ ಪ್ರಶ್ನೆ. ಇಂಥ ಮಷೀನು ಇಟ್ಟವರು ಮೇಜನ್ನು ಕಾಲು, ಪಟ್ಟಿ, ಹಲಗೆ ಎಂದು ಭಾಗ ಭಾಗವಾಗಿ ಮಾಡುವುದಿಲ್ಲ, ಕೆಲಸ ಕೆಲಸವಾಗಿ ಮಾಡುತ್ತಾರೆ. ಆ ಶಿಸ್ತು ಒಮ್ಮೆ ಕೈಗೆ ಹತ್ತಿದ ಮೇಲೆ ಬಿಡಿ ಮಷೀನಿನ ಆಸೆ ಕಡಿಮೆಯಾಗುತ್ತದೆ, ನನ್ನ ಮಟ್ಟಿಗೆ ಈ ಮಷೀನುಗಳ ಮೇಲಿನ ಪ್ರೀತಿಯ ನಿಜವಾದ ಬೇರು ಅದು.

ನಾಲ್ಕು ಕಾಲು 45 × 45 × 720, ನಾಲ್ಕು ಪಟ್ಟಿ (ಕಾಲುಗಳನ್ನು ಕೂಡಿಸುವವು) 20 × 90 ಎಂದುಕೊಳ್ಳಿ. ಕೈಗರಗಸದಿಂದ ಎಲ್ಲವನ್ನೂ 25–30 ಮಿ.ಮೀ. ಉದ್ದ ಹೆಚ್ಚಿಟ್ಟು ತುಂಡು ಮಾಡಿ. ಪ್ರತಿ ದಪ್ಪಕ್ಕೂ ಒಂದೊಂದು ತುಂಡು ಹೆಚ್ಚುವರಿ ಇರಲಿ. ಅದು ವ್ಯರ್ಥವಲ್ಲ, ಪ್ರತಿ ಹೊಸ ಸೆಟ್ಟಿಂಗ್ ಪರೀಕ್ಷಿಸುವುದು ಅದರ ಮೇಲೇ. ಎಲ್ಲದರ ಒಂದು ಮುಖ, ಒಂದು ಅಂಚು ರಂಧಾಕ್ಕೆ. ಆಮೇಲೆ ಗರಗಸ ಒಮ್ಮೆ ಕಟ್ಟಿ ಎಲ್ಲವನ್ನೂ 3 ಮಿ.ಮೀ. ಅಗಲ ಹೆಚ್ಚಿಟ್ಟು ಸೀಳಿ, ಥಿಕ್‌ನೆಸರಿಗೆ ಹಾಕಿ. 45ರ ಸೆಟ್ಟಿಂಗ್‌ನಲ್ಲಿ ನಾಲ್ಕೂ ಕಾಲು ಮತ್ತು ಹೆಚ್ಚುವರಿ ತುಂಡು ಮುಗಿಯುವವರೆಗೆ 20ಕ್ಕೆ ಇಳಿಸಬೇಡಿ. ಥಿಕ್‌ನೆಸರಿನ ಅಳತೆಗೆ ಮತ್ತೆ ಮರಳಿದಾಗ 0.2 ಮಿ.ಮೀ. ವ್ಯತ್ಯಾಸ ಬಂದೇ ಬರುತ್ತದೆ. ಕೊನೆಗೆ ಗರಗಸದಲ್ಲಿ ಸರಿ ಉದ್ದಕ್ಕೆ, ಸ್ಟಾಪ್ ಕಟ್ಟಿ.

ತೂತು ಕೊರೆಯುವಾಗ ಶಾಪ್‌ಸ್ಮಿತ್‌ನ ಅಡ್ಡ ಡ್ರಿಲ್ ಏನು ಮಾಡುತ್ತದೆ ನೋಡಿ. ಪಟ್ಟಿ ಕಾಲಿನ ಹೊರಮೈಗಿಂತ 5 ಮಿ.ಮೀ. ಒಳಗೆ ಕೂರಬೇಕು, 8 × 40ರ ಡೋವೆಲ್ (ಮರದ ಗೂಟ). ಟೇಬಲ್ಲನ್ನು ಬಿಟ್ಟಿನ ನಡುಗೆರೆಗಿಂತ ಸರಿಯಾಗಿ 15 ಮಿ.ಮೀ. ಕೆಳಗೆ ಲಾಕ್ ಮಾಡಿ. ಕ್ವಿಲ್ ಸ್ಟಾಪ್ 21 ಮಿ.ಮೀ. ಆಳಕ್ಕೆ, ಎರಡೂ ಕಡೆ ಅಂಟಿಗೆ ಒಂದು ಮಿ.ಮೀ. ಜಾಗ. ಪಟ್ಟಿಯನ್ನು ಹೊರಮೈ ಕೆಳಗಾಗಿ 5 ಮಿ.ಮೀ. ತುಂಡಿನ ಮೇಲಿಟ್ಟು ತುದಿಗೆ ಕೊರೆಯಿರಿ: ತೂತು ಪಟ್ಟಿಯ ದಪ್ಪದ ನಡುವೆ ಬಂತು. ಆ ತುಂಡು ತೆಗೆದು, ಕಾಲನ್ನು ಹೊರಮೈ ಕೆಳಗಾಗಿ ನೇರ ಟೇಬಲ್ ಮೇಲಿಟ್ಟು ಕೊರೆಯಿರಿ: ತೂತು ಹೊರಮೈಯಿಂದ 15ಕ್ಕೆ ಬಂತು. ಟೇಬಲ್ ಎತ್ತರ ಮುಟ್ಟಲೇ ಇಲ್ಲ. ಪಟ್ಟಿಯ ಅಂಚಿನಿಂದ 22 ಮತ್ತು 68ಕ್ಕೆ ಎರಡು ಸ್ಟಾಪ್ ಇಟ್ಟರೆ 32 ತೂತೂ ಗೆರೆ ಎಳೆಯದೆ ಮುಗಿಯುತ್ತವೆ. ಹೊರಮೈ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿಡಿ, ಒಂದು ಕಾಲು ಮಗುಚಿಟ್ಟರೂ ಆ ಜೋಡಣೆ 15 ಮಿ.ಮೀ. ತಪ್ಪುತ್ತದೆ.

ಅಳತೆ ಉಳಿಸಿಕೊಳ್ಳಲು ಟೇಪು ಬಿಟ್ಟು ತುಂಡುಗಳನ್ನು ಬಳಸಿ. 5, 10, 15, 20, 45ರ ಗಟ್ಟಿಮರದ ಅಳತೆತುಂಡು ಮಾಡಿ ಅಳತೆ ಬರೆದು ಗೋಡೆಗೆ ತೂಗುಹಾಕಿ. ಫೆನ್ಸಿಗೂ ಬ್ಲೇಡಿಗೂ ನಡುವೆ ತುಂಡಿಟ್ಟು ಬಿಗಿದರೆ ಅಳತೆ ಮರಳುತ್ತದೆ.

ಕೋಣೆಯಲ್ಲಿ: 8 ಅಡಿ ಹಲಗೆ ಸೀಳಲು ಬ್ಲೇಡಿನ ಮುಂದೆ 8, ಹಿಂದೆ 8 ಬೇಕು, ಒಟ್ಟು 16. ನಿಮ್ಮದು 17. ಮರ ಉದ್ದ ಗೋಡೆಯ ಜೊತೆಗೆ, ಬಾಗಿಲ ಕಡೆಗೆ ಹೊರಡುವ ಹಾಗೆ ಮಷೀನು ನಡುವೆ ಇಡಿ. ಶಾಪ್‌ಸ್ಮಿತ್ 6 ಅಡಿ ಉದ್ದ, ಅದರಲ್ಲಿ ಮರ ಅಡ್ಡಕ್ಕೆ ಹೋಗುವುದರಿಂದ 10 ಅಡಿ ಅಗಲದಲ್ಲಿ ಕೂತು 4 ಅಡಿ ಓಡಾಟಕ್ಕೆ ಉಳಿಯುತ್ತದೆ.

ನನ್ನ ಮತ: ಹಲಗೆ ರಂಧಾ ಹೊಡೆಸದೆ ತರುವುದು ಖಚಿತವಾದರೆ ಹಲಸಿನ ಹಲಗೆ ಅವರು ಹೇಳಿದ್ದೇ ಸರಿ, ದೇಸಿ ಮಷೀನು. ಪೇಠೆಯಲ್ಲೇ ದಪ್ಪಕ್ಕೆ ಮಾಡಿಸಿ ತರಲು ಒಪ್ಪಿದರೆ ಕಣ್ಣು ಮುಚ್ಚಿ ಶಾಪ್‌ಸ್ಮಿತ್. ಮಂಟಪದ ಕಂಬ ಕಡೆಯುವ ಲೇತ್ ದೇಸಿ ಮಷೀನಿನಲ್ಲಿ ಇಲ್ಲ.

ಹಲಸಿನ_ಹಲಗೆ (ಮಡಗಾಂವ್):

ಒಪ್ಪಿದೆ. ನೋಡಲು ಹೋದಾಗ ಇಷ್ಟು ಮಾಡಿ. ಕರೆಂಟು ತೆಗೆದು ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿ, ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಬೇರಿಂಗ್ ಹೋಗಿದೆ. ರಂಧಾದ ಎರಡೂ ಟೇಬಲ್ ಮೇಲೆ 3 ಅಡಿ ಸ್ಟ್ರೇಟ್ ಎಡ್ಜ್ ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜ್ ತೂರಿಸಿ, 0.2 ಮಿ.ಮೀ. ಗೇಜ್ ಸಲೀಸಾಗಿ ಒಳಗೆ ಹೋದರೆ ಆ ಮಷೀನು ಬಿಡಿ. ಶಾಪ್‌ಸ್ಮಿತ್ ಆದರೆ ಓಡಿಸಿ ಡಯಲನ್ನು ಕೆಳಗಿನಿಂದ ಮೇಲಿನವರೆಗೆ ನಿಧಾನ ತಿರುಗಿಸಿ. ಬೆಲ್ಟು ಟಪಟಪ ಬಡಿದರೆ ಜಾರುವ ಪುಲ್ಲಿ ಒಣಗಿದೆ, ಎರಡು ಹನಿ ತೆಳು ಎಣ್ಣೆಯಲ್ಲಿ ಸರಿಹೋಗುತ್ತದೆ. ಘರ್ಜಿಸಿದರೆ ಬೇರಿಂಗ್, ಬೆಲೆ ಇಳಿಸಿ ಮಾತಾಡಿ.

ಮಳೆಗಾಲಕ್ಕೆ ಮುಂಚೆ ಟೇಬಲ್ಲಿಗೂ ಕೊಳವೆಗೂ ಪೇಸ್ಟ್ ವ್ಯಾಕ್ಸ್ ಹಚ್ಚಿ, ಒಣಗಿದ ಮೇಲೆ ಬಟ್ಟೆಯಿಂದ ಉಜ್ಜಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ. ಸಿಲಿಕಾನ್ ಸ್ಪ್ರೇ ಬೇಡ, ಅದು ಮರಕ್ಕೆ ಹತ್ತಿದರೆ ಪಾಲಿಶ್ ಮಾಡುವಾಗ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಮತ್ತೆ ಕೆಲಸ ಮುಗಿದ ರಾತ್ರಿ ಟೇಬಲ್ ಮೇಲೆ ಹಸಿ ಮರದ ಹೊಟ್ಟು ಬಿಡಬೇಡಿ, ಅದರಡಿಯ ಎರಕದ ಕಬ್ಬಿಣ ಬೆಳಗಾಗುವುದರೊಳಗೆ ಕೆಂಪಾಗಿರುತ್ತದೆ.